ಮಂಗಳವಾರ ನಮ್ಮ ಕೋ-ಆಪ್ ದಿನ

ನಾವಿರುವುದು ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್ ಹತ್ತಿರದ ಒಂದು ಊರಿನಲ್ಲಿ. ಮಕ್ಕಳಿಬ್ಬರಿಗೂ ಮನೆಯಲ್ಲೇ ಪಾಠ. ಮಂಗಳವಾರ ಮಾತ್ರ ನಮ್ಮ ಹಾಗಿನ ಕುಟುಂಬಗಳೆಲ್ಲ ಒಂದು ಚರ್ಚಿನ ಕಟ್ಟಡದಲ್ಲಿ ಸೇರುತ್ತೇವೆ. ಅದೇ ಕ್ರಿಶ್ಚಿಯನ್ ಹೋಮ್‌ಸ್ಕೂಲ್ ಕೋ-ಆಪ್. ಸಂಬಳದ ಟೀಚರ್ ಒಬ್ಬರೂ ಇಲ್ಲ. ಮಕ್ಕಳನ್ನು ಬಿಟ್ಟು ಹೊರಟುಬಿಡುವ ಹಾಗೂ ಇಲ್ಲ. ಅಮ್ಮಂದಿರು, ಬಿಡುವಿದ್ದರೆ ಅಪ್ಪಂದಿರು, ದಿನವಿಡೀ ಅಲ್ಲಿದ್ದು ಏನಾದರೊಂದು ಕೆಲಸ ಹೊರಲೇಬೇಕು.

ಟೆಕ್ಸಸ್‌ನಲ್ಲಿ ಇದಕ್ಕೆ ಕಾನೂನಿನ ತಕರಾರಿಲ್ಲ. 1994ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಲೀಪರ್ ಪ್ರಕರಣದಲ್ಲಿ ಹೋಮ್‌ಸ್ಕೂಲನ್ನು ಖಾಸಗಿ ಶಾಲೆಯ ಲೆಕ್ಕಕ್ಕೇ ಸೇರಿಸಿತು. ಓದು, ಸ್ಪೆಲ್ಲಿಂಗ್, ವ್ಯಾಕರಣ, ಗಣಿತ, ಪೌರನೀತಿ ಇಷ್ಟನ್ನು ಪ್ರಾಮಾಣಿಕವಾಗಿ ಕಲಿಸಿದರಾಯಿತು. ಪಟ್ಟಿಯಲ್ಲಿ ವಿಜ್ಞಾನವೇ ಇಲ್ಲ ನೋಡಿ. ಮಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದಿದ ನನ್ನ ಪಾಲಿಗೆ ಬಂದಿರುವುದು ಅದೇ.

ಎಂಟೂವರೆಗೆ ಹೋಗಿ ಮೇಜು ಜೋಡಿಸುತ್ತೇವೆ. ಒಂಬತ್ತಕ್ಕೆ ದೊಡ್ಡ ಹಾಲ್‌ನಲ್ಲಿ ಪ್ರಾರ್ಥನೆ, ಬಾವುಟಕ್ಕೆ ವಂದನೆ, ಬಾಯಿಪಾಠದ ಬೈಬಲ್ ವಚನ, ಆಮೇಲೆ ಪ್ರಕಟಣೆಗಳು. ಯಾರ ಮನೆಯಲ್ಲಿ ಹೆರಿಗೆಯಾಗಿದೆ, ಅವರಿಗೆ ಯಾವ ದಿನ ಯಾರು ಊಟ ಕಳಿಸಬೇಕು ಎನ್ನುವುದೂ ಇಲ್ಲೇ ತೀರ್ಮಾನವಾಗುತ್ತದೆ.

ಮೊದಲ ಪೀರಿಯಡ್ ನನ್ನದು, ಹತ್ತರಿಂದ ಹನ್ನೆರಡು ವಯಸ್ಸಿನವರಿಗೆ. ಕಳೆದ ವಾರ ಗೂಬೆ ಉಂಡೆ ಬಿಡಿಸಿದೆವು. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಜೀರ್ಣವಾಗದ ಎಲುಬು, ಕೂದಲೆಲ್ಲ ಹೊಟ್ಟೆಯಲ್ಲೇ ಉಂಡೆಗಟ್ಟಿ ಬಾಯಿಂದ ಹೊರಬರುತ್ತವೆ. ಬಿಸಿಮಾಡಿ ಕ್ರಿಮಿಶುದ್ಧಿ ಮಾಡಿದ ಉಂಡೆಗಳು ಫಾಯಿಲ್‌ನಲ್ಲಿ ಸುತ್ತಿ ಮಾರಾಟಕ್ಕೇ ಸಿಗುತ್ತವೆ. ಇಬ್ಬರಿಗೊಂದು ಉಂಡೆ, ಒಂದು ಚಿಮುಟ. ಮೊದಲು "ಇಸ್ಸೀ" ಅಂದವರೇ ತಲೆಬುರುಡೆ ಸಿಕ್ಕ ಕೂಡಲೇ ಮೇಜಿಗೆ ಮೂಗು ತಾಗುವಷ್ಟು ಬಗ್ಗುತ್ತಾರೆ. ಮುಂಹಲ್ಲಿಗೂ ದವಡೆಹಲ್ಲಿಗೂ ನಡುವೆ ದೊಡ್ಡ ಖಾಲಿ ಜಾಗವಿದ್ದರೆ ಇಲಿ ಜಾತಿ, ಹಲ್ಲು ಒತ್ತೊತ್ತಾಗಿದ್ದರೆ ಸೊಂಡಿಲಿ. ಇಷ್ಟು ಹೇಳಿ ನಾನು ಸುಮ್ಮನಾದೆ. ಎಲುಬುಗಳನ್ನು ಕಪ್ಪು ಹಾಳೆಯ ಮೇಲೆ ಅಂಟಿಸಿ ಅಸ್ಥಿಪಂಜರ ಕೂಡಿಸುವುದು ಅವರದೇ ಕೆಲಸ. ಪಕ್ಕೆಲುಬು ಸಾಲದೆ ಬಂದ ಜಗಳವನ್ನೂ ಅವರೇ ಬಗೆಹರಿಸಿಕೊಂಡರು.

ಭೂಮಿಯ ವಯಸ್ಸೆಷ್ಟು ಎಂದು ಯಾರಾದರೂ ಕೇಳಿದರೆ ಮಾತ್ರ ನಮ್ಮಲ್ಲಿ ಒಂದು ಒಪ್ಪಂದವಿದೆ. ಬೈಬಲಿನಲ್ಲಿರುವ ಆರು ದಿನದ ಸೃಷ್ಟಿಯನ್ನು ಅಕ್ಷರಶಃ ನಂಬುವವರೂ ಇಲ್ಲಿದ್ದಾರೆ, ನನ್ನಂತೆ ಕೋಟ್ಯಂತರ ವರ್ಷ ಎನ್ನುವವರೂ ಇದ್ದಾರೆ. "ಮನೆಗೆ ಹೋಗಿ ಅಮ್ಮನ ಹತ್ತಿರ ಕೇಳು" ಎನ್ನಬೇಕು. ಪ್ರಾಣಿಶಾಸ್ತ್ರ ಓದಿದವಳಿಗೆ ಇದು ಗಂಟಲಲ್ಲಿ ಇಳಿಯುವ ಮಾತಲ್ಲ. ಆದರೂ ಮಂಗಳವಾರ ಉಳಿಯಬೇಕಾದರೆ ಬೇರೆ ದಾರಿ ಕಂಡಿಲ್ಲ.

ಮುಂದಿನ ಪೀರಿಯಡ್‌ನಲ್ಲಿ ನಾನು ಫ್ಲೋಟರ್. ಅಂದರೆ ಯಾವ ಕೋಣೆಯಲ್ಲಿ ಜನ ಕಡಿಮೆಯೋ ಅಲ್ಲಿಗೆ ಓಡುವವಳು. ಪ್ರತಿ ಕೋಣೆಯಲ್ಲಿ ಇಬ್ಬರು ದೊಡ್ಡವರು ಇರಲೇಬೇಕು, ಎಲ್ಲರ ಹಿನ್ನೆಲೆ ತಪಾಸಣೆಯೂ ಆಗಿರಬೇಕು. ನನ್ನನ್ನು ಕೇಳಿದರೆ ಒಳ್ಳೆಯ ಟೀಚರ್ ಸಿಗುವುದು ಸುಲಭ, ಗೊಣಗದ ಫ್ಲೋಟರ್ ಸಿಗುವುದೇ ಕಷ್ಟ.

ಊಟದ ಹೊತ್ತಿಗೆ ಹಳೆಯ ಪುಸ್ತಕಗಳ ಕೈಬದಲು. ಹೈಸ್ಕೂಲಿನವರ ಅಮ್ಮಂದಿರದು ಅಂಕಪಟ್ಟಿಯ ಚಿಂತೆ. ಅದನ್ನು ಬರೆಯುವವರು ತಾಯಿತಂದೆಯೇ. ಹಾಗಾಗಿ ಕಾಲೇಜಿನವರು ನಂಬಲಿ ಎಂದು ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆ ಬರೆಸುವವರಿದ್ದಾರೆ, ಕಮ್ಯುನಿಟಿ ಕಾಲೇಜಿನಲ್ಲಿ ಒಂದೆರಡು ಕೋರ್ಸ್ ಮೊದಲೇ ಮಾಡಿಸುವವರೂ ಇದ್ದಾರೆ.

ಇದೆಲ್ಲ ಮಂಗಳೂರಿನಲ್ಲಿರುವ ಅಪ್ಪನಿಗೆ ಇನ್ನೂ ಜೀರ್ಣವಾಗಿಲ್ಲ. 1834ರಲ್ಲಿ ನಮ್ಮೂರಿಗೆ ಬಂದ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಶಾಲೆ ತೆರೆದು ನಮ್ಮಂಥ ಮನೆಗಳಿಗೆ ಅಕ್ಷರ ಕೊಟ್ಟವರು. "ಅವರು ಶಾಲೆಗೆ ಕರೆದ್ರು, ನೀನು ಬಿಡಿಸ್ತಿದ್ದೀಯಲ್ಲ ಮಗಾ" ಅನ್ನುತ್ತಾರೆ. ವಾದದಲ್ಲಿ ಅವರದೇ ಕೈ ಮೇಲು. "ಮಗಳು ಕನ್ನಡ ಓದೋದು ಮನೆಯಲ್ಲಿ ಟೈಮ್ ಇರೋದ್ರಿಂದಲೇ ಅಪ್ಪ" ಅಂತ ಮಾತ್ರ ಹೇಳುತ್ತೇನೆ.

ಎರಡೂವರೆಗೆ ಮುಗಿದರೂ ಮನೆಗೆ ಹೋಗುವ ಹಾಗಿಲ್ಲ. ಬುಧವಾರ ಸಂಜೆ ಚರ್ಚಿನವರ ಕಾರ್ಯಕ್ರಮ, ಕುರ್ಚಿಗಳು ಇದ್ದ ಹಾಗೇ ಇರಬೇಕು. ಒಂದು ಮನೆಗೆ ವ್ಯಾಕ್ಯೂಮ್, ಇನ್ನೊಂದಕ್ಕೆ ಬಾತ್‌ರೂಮ್. ಉಳಿದ ನಾಲ್ಕು ದಿನದ ಹೋಂವರ್ಕ್ ಹಾಳೆ ಮಕ್ಕಳ ಚೀಲಕ್ಕೆ ಹೋಗುತ್ತದೆ. ಮಾಡಿಸುವುದು, ತಿದ್ದುವುದು ಅವರವರ ಮನೆಯ ಪಾಡು. ಮುಂದಿನ ಸೆಮಿಸ್ಟರ್‌ನ ಕೆಲಸದ ಪಟ್ಟಿ ಆಗಲೇ ಬಂದಿದೆ. ನನಗೆ ಬಿದ್ದಿರುವುದು ಹಸುಗೂಸುಗಳ ನರ್ಸರಿ.