ಘಾಟಿ ಹತ್ತದ ಕಾರು: ಕ್ಯಾಟ್‌ಕಾನ್ ಬದಲಿಸುವ ಮೊದಲು ಇಷ್ಟು ನೋಡಿ

ಉಡುಪಿಯಿಂದ ಹೆಬ್ರಿ ದಾರಿಯಲ್ಲಿ ಶೃಂಗೇರಿಗೆ ಹೊರಟಿದ್ದೆವು. ಏಳು ಸೀಟಿನ ಪೆಟ್ರೋಲ್ ಎಸ್‌ಯುವಿ, ಒಳಗೆ ಆರು ಜನ. ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ನಾಲ್ಕನೇ ತಿರುವಿಗೆ ಬರುವಷ್ಟರಲ್ಲಿ ಗಾಡಿ ಸುಸ್ತಾಯಿತು. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರೂ ಬರೀ ಸದ್ದು, ಎಳೆತ ಇಲ್ಲ. ಹಿಂದಿನ ಸೀಟಿನಿಂದ ಅಮ್ಮ, "ಯಾರೋ ಕೊಳೆತ ಮೊಟ್ಟೆ ತಂದಿದ್ದಾರಾ?" ಎಂದರು. ಮೇಲೆ ಹೋಗಿ ನಿಲ್ಲಿಸಿದಾಗ ಹೊಟ್ಟೆಯಡಿಯ ಪೈಪಿನ ಮೇಲೆ ಮಳೆಹನಿ ಬಿದ್ದು ಚುಂಯ್ ಚುಂಯ್ ಅನ್ನುತ್ತಿತ್ತು.

ಎಲ್ಲ ಲಕ್ಷಣವೂ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್‌ಕಾನ್), ಅಂದರೆ ಎಂಜಿನ್ ಹೊಗೆಯ ವಿಷ ತಗ್ಗಿಸುವ ಡಬ್ಬದ ಕಡೆಗೇ ಕೈತೋರಿಸುತ್ತಿತ್ತು. ಅಸಲು ಬೇಸರ ಏನೆಂದರೆ, ಅದು ಹೊಸದು. ಎಂಟು ತಿಂಗಳ ಹಿಂದಷ್ಟೇ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ, ಪಿ0420 ಕೋಡ್ (ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಸೂಚನೆ) ನೋಡಿ, ಬೇರೇನೂ ಕೇಳದೆ ಬದಲಿಸಿಬಿಟ್ಟಿದ್ದರು. ಹಳೆಯದು ಯಾಕೆ ಸತ್ತಿತು ಅಂತ ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಮೂರನೇ ಸಿಲಿಂಡರಿನ ಪ್ಲಗ್ಗಿಗೆ ಕಿಡಿ ಕೊಡಿಸುವ ಇಗ್ನಿಷನ್ ಕಾಯಿಲ್ ಆಗಾಗ ಕೈಕೊಡುತ್ತಿತ್ತು. ಉರಿಯದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿದರೆ ಜೇನುಗೂಡಿನಂಥ ಸೆರಾಮಿಕ್ ಕರಗಿ ಮುದ್ದೆಯಾಗುತ್ತದೆ. ಹೊಸದಕ್ಕೂ ಅದೇ ಗತಿ ಆಯಿತು.

ಹಾಗಾಗಿ ಮೊದಲ ಕೆಲಸ ಕಾರಣ ಹುಡುಕುವುದು. ಸಾವಿರ ರೂಪಾಯಿ ಆಸುಪಾಸಿನ ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಕಾರಿನ ದೋಷದ ಕೋಡ್ ಓದುವ ಸಾಧನ) ಸಾಕು. ಕೋಡ್ ಬರೆದಿಟ್ಟುಕೊಳ್ಳಿ, ಅಳಿಸಬೇಡಿ. ಪಿ0420 ಜೊತೆಗೆ ಪಿ0300 ಅಥವಾ ಪಿ0301ರಿಂದ ಪಿ0304ರವರೆಗಿನ ಯಾವುದಾದರೂ ಇದ್ದರೆ ಅದು ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಮೊದಲು ಪ್ಲಗ್, ಕಾಯಿಲ್, ಇಂಜೆಕ್ಟರ್ ಸರಿಮಾಡಿ. ಸಿಲಿಂಡರಿಗೊಂದು ಕಾಯಿಲ್ ಇದ್ದರೆ ಅನುಮಾನ ಇರುವ ಕಾಯಿಲನ್ನು ಪಕ್ಕದ್ದಕ್ಕೆ ಅದಲು ಬದಲು ಮಾಡಿ ನೋಡಿ. ಕೋಡ್ ಕೂಡ ಅದರ ಹಿಂದೆಯೇ ಹೋದರೆ ಕಳ್ಳ ಸಿಕ್ಕಿದ ಹಾಗೆ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ, ಕೂಲೆಂಟ್ ಸದ್ದಿಲ್ಲದೆ ಕಡಿಮೆಯಾಗುತ್ತಿದ್ದರೆ ಅದೂ ಕನ್ವರ್ಟರಿಗೆ ವಿಷ.

ಇನ್ನೊಂದು ನಮ್ಮ ಕರಾವಳಿಯ ರೋಗ. ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಗೆ ಎಕ್ಸಾಸ್ಟ್ ಫ್ಲೇಂಜ್, ಗ್ಯಾಸ್ಕೆಟ್, ವೆಲ್ಡಿಂಗ್ ಎಲ್ಲ ತುಕ್ಕು ಹಿಡಿಯುತ್ತದೆ. ಹೊಗೆಯಲ್ಲಿನ ಆಮ್ಲಜನಕ ನೋಡುವ ಸೆನ್ಸರ್ ಕನ್ವರ್ಟರಿನ ಮುಂದೊಂದು, ಹಿಂದೊಂದು ಇರುತ್ತದೆ. ಹಿಂದಿನ ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಎಲ್ಲಾದರೂ ಸಣ್ಣ ತೂತಿದ್ದರೆ ಹೊರಗಿನ ಗಾಳಿ ಒಳಗೆ ಸೇರಿ, ಕನ್ವರ್ಟರ್ ಚೆನ್ನಾಗಿದ್ದರೂ ಪಿ0420 ಬರಬಹುದು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಜೋಡಣೆಗಳಿಗೆ ಸೋಪು ನೀರು ಚಿಮುಕಿಸಿ. ಗುಳ್ಳೆ ಬಂದರೆ ಅಲ್ಲೇ ಲೀಕ್. ಇನ್ನೂರು ರೂಪಾಯಿಯ ಗ್ಯಾಸ್ಕೆಟಿನಲ್ಲಿ ಮುಗಿಯುವ ಕೆಲಸಕ್ಕೆ ಸಾವಿರಾರು ಸುರಿಯಬೇಡಿ, ಮಾರಾಯ್ರೆ.

ಲೀಕ್ ಇಲ್ಲ, ಮಿಸ್‌ಫೈರ್ ಇಲ್ಲ ಎಂದಾದರೆ ಸುರತ್ಕಲ್ ಕಡೆಗೋ ಸಂತೆಕಟ್ಟೆ ಕಡೆಗೋ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಓಡಿಸಿ ಬನ್ನಿ. ಕನ್ವರ್ಟರ್ ಚೆನ್ನಾಗಿ ಬಿಸಿಯಾಗದೆ ಕೆಲಸ ಶುರು ಮಾಡುವುದಿಲ್ಲ. ಆಮೇಲೆ 2500 ಆರ್‌ಪಿಎಂನಲ್ಲಿ ಹಿಡಿದು ಎರಡೂ ಸೆನ್ಸರಿನ ಗ್ರಾಫ್ ನೋಡಿ. ಸಾಮಾನ್ಯ ಸೆನ್ಸರ್ ಆದರೆ ಮುಂದಿನದು 0.1ರಿಂದ 0.9 ವೋಲ್ಟ್ ನಡುವೆ ಕುಣಿಯುತ್ತಿರಬೇಕು, ಹಿಂದಿನದು 0.6 ಅಥವಾ 0.7ರ ಹತ್ತಿರ ಸುಮ್ನೆ ಕೂತಿರಬೇಕು. ಹಿಂದಿನದೂ ಮುಂದಿನದರ ತಾಳಕ್ಕೆ ಕುಣಿದರೆ ಕನ್ವರ್ಟರ್ ಮುಗಿಯಿತು. ಕೆಲವು ಗಾಡಿಗಳಲ್ಲಿ ಮುಂದಿನ ಸೆನ್ಸರ್ ವೈಡ್‌ಬ್ಯಾಂಡ್ (ಹೆಚ್ಚು ವ್ಯಾಪ್ತಿ ಅಳೆಯುವ ಬಗೆ) ಇರುತ್ತದೆ, ಅದರ ಗ್ರಾಫ್ ಬೇರೆ ರೀತಿ, ಹಾಗಾಗಿ ಹಿಂದಿನದನ್ನಷ್ಟೇ ನಂಬಿ.

ಎಳೆತ ಕಡಿಮೆಯಾಗಿದ್ದರೆ ಕನ್ವರ್ಟರ್ ಕಟ್ಟಿಕೊಂಡಿರಬಹುದು. ಮುಂದಿನ ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಪ್ರೆಷರ್ ಗೇಜ್ ಹಾಕಿದರೆ ಐಡಲಿನಲ್ಲಿ (ಆಕ್ಸಿಲರೇಟರ್ ತುಳಿಯದಿದ್ದಾಗ) ಒಂದೂವರೆ ಪಿಎಸ್‌ಐ ಒಳಗೆ, 2500ರಲ್ಲಿ ಮೂರರ ಒಳಗೆ ಇರಬೇಕು. ಗೇಜ್ ಇಲ್ಲವಾ? ತಣ್ಣಗಾದ ಮೇಲೆ ರಬ್ಬರ್ ಸುತ್ತಿಗೆಯಿಂದ ಡಬ್ಬವನ್ನು ಮೆಲ್ಲಗೆ ತಟ್ಟಿ. ಗಲಗಲ ಅಂದರೆ ಒಳಗಿನ ಸೆರಾಮಿಕ್ ಒಡೆದಿದೆ. ನನ್ನದು ತೆಂಗಿನ ಚಿಪ್ಪಿನಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಮಾಡಿತು. ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನೀರು ನಿಂತಾಗ ಬಿಸಿ ಗಾಡಿಯನ್ನು ನುಗ್ಗಿಸಿದರೂ ಹೀಗೆ ಒಡೆಯಬಹುದು.

ಬದಲಿಸುವಾಗ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಗಾಡಿಯನ್ನು ಸಮ ನೆಲದಲ್ಲಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ. ಪೂರ್ತಿ ತಣ್ಣಗಾಗಿರಲಿ. ಸೆನ್ಸರಿಗೆ ಸೀಳು ಇರುವ 22 ಎಂಎಂ ಸಾಕೆಟ್ ಬೇಕು, ವೈರ್ ತಿರುಚಬೇಡಿ. ಹೊಸ ಡಬ್ಬದ ಬಾಣದ ಗುರುತು ಹೊಗೆ ಹೋಗುವ ದಿಕ್ಕಿಗೆ ಇರಲಿ, ಗ್ಯಾಸ್ಕೆಟ್ ಮತ್ತು ನಟ್ಟು ಎಲ್ಲ ಹೊಸತೇ ಹಾಕಿ. ಕನ್ವರ್ಟರ್ ಮ್ಯಾನಿಫೋಲ್ಡಿಗೇ ಅಂಟಿಕೊಂಡಿರುವ ಗಾಡಿಯಾದರೆ ಇದು ಮನೆಯಂಗಳದ ಕೆಲಸ ಅಲ್ಲ, ಗ್ಯಾರೇಜಿಗೆ ಬಿಡಿ. ಡೀಸೆಲ್ ಗಾಡಿಯ ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್) ಕಥೆ ಬೇರೆಯೇ.

ಒಳಗಿನದನ್ನು ಒಡೆದು ಖಾಲಿ ಡಬ್ಬ ಕೊಡುತ್ತೇವೆ, ಪಿಕಪ್ ಜಾಸ್ತಿ ಆಗುತ್ತದೆ ಅನ್ನುವವರು ಸಿಗುತ್ತಾರೆ. ಬೇಡ. ಡ್ಯಾಶ್‌ಬೋರ್ಡಿನ ಚೆಕ್ ಎಂಜಿನ್ ಲೈಟ್ ಆರುವುದಿಲ್ಲ, ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳಬಹುದು, ಮೇಲಾಗಿ ಕಾನೂನುಬಾಹಿರ. ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿ ಕೂಡ ಕರಗಿದ ಸೆರಾಮಿಕನ್ನು ಮತ್ತೆ ಜೇನುಗೂಡು ಮಾಡುವುದಿಲ್ಲ ಅಲ್ವಾ?

ಎಲ್ಲ ಮುಗಿದ ಮೇಲೆ ಕೋಡ್ ಅಳಿಸಿ ಕೆಲವು ದಿನ ಪೇಟೆ, ಹೆದ್ದಾರಿ ಎರಡೂ ಓಡಿಸಿ, ಮತ್ತೆ ಸ್ಕ್ಯಾನ್ ಮಾಡಿ. ಮತ್ತೆ, ಹಳೆಯ ಡಬ್ಬವನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಅಸಲಿ ಕನ್ವರ್ಟರಿನಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತದೆ, ಗುಜರಿಯವರು ಒಳ್ಳೆಯ ದುಡ್ಡು ಕೊಟ್ಟು ಒಯ್ಯುತ್ತಾರೆ. ನನ್ನ ಮೊದಲನೆಯದು ಎಲ್ಲಿಗೆ ಹೋಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.