ಕುಂಬಳೆಯಿಂದ ರೊಡ್ರಿಗಸ್‌ಗೆ: ಟಿಕೆಟ್ ಕೊನೆಯಿಂದ ಶುರು ಮಾಡಿದ್ದು

ವಿಂಡ್‌ಸರ್ಫಿಂಗ್‌ಗೆ, ಅಂದರೆ ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಗೆ ಓಡುವ ಆಟಕ್ಕೆ, ಮಾರಿಷಸ್ ಕಡೆಯ ರೊಡ್ರಿಗಸ್ ದ್ವೀಪಕ್ಕೆ ಮೊದಲ ಸಲ ಹೊರಟಾಗ ನಾನು ಮುಟ್ಟಿದ್ದು ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದವರೆಗೆ ಮಾತ್ರ.

ಜುಲೈ ತಿಂಗಳು. ಕಾಸರಗೋಡು ಜಿಲ್ಲೆಯ ನಮ್ಮ ಕುಂಬಳೆಯಿಂದ ಮಳೆಯಲ್ಲೇ ಹೊರಟೆ. ನಮ್ಮನ್ನು ಮುಂಬೈಗೆ ಒಯ್ಯಬೇಕಿದ್ದ ವಿಮಾನ ಮೇಲೆ ಎರಡು ಸುತ್ತು ಹಾಕಿತಂತೆ, ಇಳಿಯಲು ಆಗದೆ ಬೆಂಗಳೂರಿಗೆ ಹೋಯಿತು. ಗುಡ್ಡದ ತುದಿಯ ರನ್‌ವೇ, ಮೋಡ ಕವಿದರೆ ಇದು ಮಾಮೂಲು. ಮುಂಬೈಯಲ್ಲಿ ಐದು ಗಂಟೆ ಅಂತರ ಇಟ್ಟಿದ್ದೆ, ಧಾರಾಳ ಆಯಿತು ಅಂತ ಅಂದುಕೊಂಡಿದ್ದೆ. ರಾತ್ರಿ ಹತ್ತಕ್ಕೆ ಮೈಕಿನಲ್ಲಿ ರದ್ದು ಎಂದರು.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಮೂರು ಟಿಕೆಟ್‌ಗಳನ್ನು ನಾನು ಬೇರೆ ಬೇರೆ ಮಾಡಿಸಿದ್ದೆ. ಮಂಗಳೂರು–ಮುಂಬೈ ಒಂದು, ಮುಂಬೈ–ಮಾರಿಷಸ್ ಒಂದು, ಮಾರಿಷಸ್–ರೊಡ್ರಿಗಸ್ ಮತ್ತೊಂದು. ಒಟ್ಟು ಲೆಕ್ಕದಲ್ಲಿ ಸ್ವಲ್ಪ ಕಮ್ಮಿ ಆಗ್ತಿತ್ತು, ಅಷ್ಟೇ ಕಾರಣ. ಬೇರೆ ಟಿಕೆಟ್ ಅಂದರೆ ಮೊದಲನೆಯದು ತಪ್ಪಿದ್ದಕ್ಕೆ ಎರಡನೆಯವರು ಜವಾಬ್ದಾರರಲ್ಲ. ಅವರ ಲೆಕ್ಕದಲ್ಲಿ ನಾನು ಸುಮ್ನೆ ಬಾರದೆ ಉಳಿದ ಪ್ರಯಾಣಿಕ. ಹಾಗೆ ಬಾರದೆ ಉಳಿದರೆ ಆ ಟಿಕೆಟ್‌ನಲ್ಲಿ ಮುಂದೆ ಇರುವುದೆಲ್ಲ, ವಾಪಸ್ ಬರುವುದೂ ಸೇರಿ, ತಾನಾಗಿ ರದ್ದಾಗುತ್ತದೆ. ಬಜ್ಪೆಯಲ್ಲಿ ಕೂತಿದ್ದಾಗಲೇ, ಮಾರಿಷಸ್ ವಿಮಾನ ಹೊರಡುವ ಮೊದಲೇ ಫೋನ್ ಮಾಡಿ ದಿನ ಬದಲಿಸಿ ಎಂದು ಕೇಳಬೇಕಿತ್ತು. ಅದು ಗೊತ್ತಾದದ್ದು ಮರುದಿನ, ಮನೆಯಲ್ಲಿ ಕಾಫಿ ಕುಡಿಯುವಾಗ.

ಅಪ್ಪ ಪೇಪರ್‌ನಿಂದ ತಲೆ ಎತ್ತಿ, "ಗಾಳಿ ಬೇಕಾದರೆ ಕಣ್ವತೀರ್ಥಕ್ಕೆ ಹೋಗು ಮಾರಾಯ, ಅಲ್ಲಿ ಎಂತ ಗಾಳಿ ಇಲ್ಲವಾ?" ಎಂದರು.

ಕಣ್ವತೀರ್ಥ ನಮ್ಮ ಹತ್ತಿರದ ಬೀಚು, ಗಾಳಿ ಉಂಟು. ಆದರೆ ಮಳೆಗಾಲದ ನಮ್ಮ ಕಡಲಿಗೆ ವಿಂಡ್‌ಸರ್ಫಿಂಗ್ ಹಲಗೆ ಇಳಿಸಿದರೆ ಅಲೆ ಅದನ್ನು ಮುರಿದೇ ವಾಪಸ್ ಕೊಡುತ್ತದೆ. ರೊಡ್ರಿಗಸ್ ಮಾರಿಷಸ್‌ಗೆ ಸೇರಿದ ದ್ವೀಪ, ಅಲ್ಲಿಂದ ಪೂರ್ವಕ್ಕೆ ಸುಮಾರು 600 ಕಿ.ಮೀ. ನೆಲ 108 ಚದರ ಕಿ.ಮೀ. ಮಾತ್ರ, ಸುತ್ತಲಿನ ಲಗೂನ್, ಅಂದರೆ ಹವಳದ ದಂಡೆಯ ಒಳಗಿನ ಕಡಲು, ಅದಕ್ಕಿಂತ ದೊಡ್ಡದು. ಹವಳದ ದಂಡೆ ಅಲೆಯನ್ನು ಹೊರಗೇ ತಡೆಯುತ್ತದೆ, ಒಳಗೆ ನೀರು ಕೆರೆಯ ಹಾಗೆ, ಮೇಲೆ ಮಾತ್ರ ಗಾಳಿ. ಆಗ್ನೇಯದಿಂದ ಬೀಸುವ ಆ ವಾಣಿಜ್ಯ ಮಾರುತ ಜೋರಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅಂದರೆ ಸರಿಯಾಗಿ ನಮ್ಮ ಮಳೆಗಾಲ. ಅಲ್ಲಿ ಗಾಳಿ ಚೆನ್ನಾಗಿರುವಾಗ ಇಲ್ಲಿ ವಿಮಾನ ಇಳಿಯುವುದಿಲ್ಲ, ರೈಲು ಹೊತ್ತಿಗೆ ಬರುವುದಿಲ್ಲ. ನನ್ನ ಪ್ಲಾನಿನ ಕಷ್ಟವೆಲ್ಲ ಇದೇ ಆಗಿತ್ತು.

ಮುಂದಿನ ವರ್ಷ ಅಡಿಕೆ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಹಳೆ ಹಾಳೆಯ ಹಿಂದೆ ಬರೆಯಲು ಕೂತೆ. ಈ ಸಲ ಕುಂಬಳೆಯಿಂದ ಶುರು ಮಾಡಲಿಲ್ಲ. ರೊಡ್ರಿಗಸ್‌ನ ಪ್ಲೇನ್ ಕೋರಾಯ್ ವಿಮಾನ ನಿಲ್ದಾಣದಿಂದ ಹಿಂದಕ್ಕೆ ಬಂದೆ. ಅಲ್ಲಿನ ರನ್‌ವೇ ಸುಮಾರು 1,300 ಮೀಟರ್. ಬಜ್ಪೆಯದು 2,450. ಹಾಗಾಗಿ ಅಲ್ಲಿಗೆ ಇಳಿಯುವುದು ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್ ಎಂಬ ಸಣ್ಣ ವಿಮಾನ, ಮಾರಿಷಸ್‌ನಿಂದ ಒಂದೂವರೆ ಗಂಟೆ ದಾರಿ. ಅದು ನಮ್ಮಂಥ ಪ್ರವಾಸಿಗಳಿಗೆ ಮಾತ್ರ ಇರುವುದಲ್ಲ. ಆಸ್ಪತ್ರೆಗೆ, ಕೆಲಸಕ್ಕೆ, ಮದುವೆಗೆ ಹೋಗುವ ಊರವರೂ ಅದರಲ್ಲೇ ಹೋಗಬೇಕು. ಮುಂಬೈ–ಮಾರಿಷಸ್ ಸೀಟು ಕೊನೆಗೂ ಹೇಗೋ ಸಿಗುತ್ತದೆ, ಇದು ಸಿಗುವುದಿಲ್ಲ. ಆದ್ದರಿಂದ ಮೊದಲು ಎಟಿಆರ್‌ನಲ್ಲಿ ಸೀಟಿರುವ ದಿನ ನೋಡಿದೆ. ಆಮೇಲೆ ಮುಂಬೈಯಿಂದ ರೊಡ್ರಿಗಸ್‌ವರೆಗೆ ಏರ್ ಮಾರಿಷಸ್‌ನಲ್ಲಿ ಒಂದೇ ಟಿಕೆಟ್ ಮಾಡಿಸಿದೆ. ಸ್ವಲ್ಪ ಜಾಸ್ತಿ ಆಯಿತು, ಇರಲಿ.

ಮಾರಿಷಸ್‌ನಲ್ಲಿ ಎರಡು ಗಂಟೆಯ ಅಂತರ ಇರುವ ಜೋಡಣೆಯನ್ನೂ ಕಂಪ್ಯೂಟರ್ ತೋರಿಸುತ್ತಿತ್ತು. ಬೇಡ ಎಂದೆ. ನಮ್ಮವರಿಗೆ ವೀಸಾ ಮೊದಲೇ ಮಾಡಿಸಬೇಕಾಗಿಲ್ಲ, ನಿಜ. ಆದರೂ ಆನ್‌ಲೈನ್ ಫಾರ್ಮ್, ವಾಪಸ್ ಟಿಕೆಟ್, ಉಳಿಯುವ ಜಾಗದ ಕಾಗದ ಎಲ್ಲ ತೋರಿಸಿ, ಹೊರಗೆ ಬಂದು, ಮತ್ತೆ ರೊಡ್ರಿಗಸ್‌ನ ಸಾಲಿನಲ್ಲಿ ನಿಲ್ಲಬೇಕು. ಅದಕ್ಕೆ ಒಂದು ರಾತ್ರಿ ಅಲ್ಲೇ ಉಳಿದೆ. ಹೆಚ್ಚಿನವರು ಉತ್ತರದ ಕಡೆಯ ಬೀಚಿಗೆ ಓಡುತ್ತಾರೆ, ದ್ವೀಪ ಪೂರ್ತಿ ದಾಟಬೇಕು. ವಿಮಾನ ನಿಲ್ದಾಣ ಇರುವುದು ಆಗ್ನೇಯದಲ್ಲಿ, ಮಾಹೆಬೂರ್ ಎಂಬ ಪೇಟೆಯ ಹತ್ತಿರ. ಅಲ್ಲೇ ಒಂದು ಸಣ್ಣ ಗೆಸ್ಟ್‌ಹೌಸ್ ಹಿಡಿದೆ. ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಹಾಗಾಗಿ ಬೆಳಗ್ಗೆ ಬೇಗ ಎಚ್ಚರ. ರಸ್ತೆ ಬದಿ ಒಬ್ಬ ಡಬ್ಬಿಯಿಂದ ಬಟ್ಟೆ ಸರಿಸಿ ದಾಲ್ ಪುರಿ ತೆಗೆದುಕೊಟ್ಟ. ಬೆಲ್ಲ ಹಾಕದ ಬೇಳೆ ಹೋಳಿಗೆ, ಬೇರೇನಲ್ಲ! ಎರಡೆರಡು ಸೇರಿಸಿ, ಮಧ್ಯೆ ಸಾರು, ಮೆಣಸಿನ ಚಟ್ನಿ ಹಾಕಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ನಾಲ್ಕು ತಿಂದೆ.

ಸಾಮಾನಿನ ವಿಷಯ. ಹಲಗೆ ಒಯ್ಯಲಿಲ್ಲ. ಎರಡೂ ಕಾಲು ಮೀಟರಿನ ಹಲಗೆ ದೊಡ್ಡ ವಿಮಾನದಲ್ಲಿ ಹೋದೀತು, ಎಟಿಆರ್‌ನಲ್ಲಿ ಜಾಗ ಇದ್ದರೆ ಮಾತ್ರ. ಜಾಗ ಇಲ್ಲದಿದ್ದರೆ ನಾನು ದ್ವೀಪದಲ್ಲಿ, ಅದು ಮಾರಿಷಸ್‌ನಲ್ಲಿ. ರೊಡ್ರಿಗಸ್‌ನ ಮೂರೂಕ್ ಎಂಬಲ್ಲಿ ಹಲಗೆ, ಹಾಯಿಯ ಕಂಬ, ಕೈಯಲ್ಲಿ ಹಿಡಿಯುವ ಅಡ್ಡಕೋಲು ಬೂಮ್ ಬಾಡಿಗೆಗೆ ಸಿಗುತ್ತದೆ. ನನ್ನ ತೂಕ, ಬೇಕಾದ ಹಾಯಿಯ ಅಳತೆ ಮೊದಲೇ ಬರೆದು ಕಾದಿರಿಸಿದೆ. ನನ್ನ ಬ್ಯಾಗಲ್ಲಿ ಇದ್ದದ್ದು ಹಾರ್ನೆಸ್ (ಬೂಮ್‌ಗೆ ಸಿಕ್ಕಿಸಿಕೊಳ್ಳುವ ಸೊಂಟದ ಪಟ್ಟಿ), ಬಿಸಿಲಿಗೆ ಉದ್ದ ತೋಳಿನ ಅಂಗಿ, ಹವಳ ತಾಗದಂತೆ ರಬ್ಬರ್ ಶೂ, ಅಮ್ಮ ತುರುಕಿದ ಹಲಸಿನ ಹಪ್ಪಳ. ಕೌಂಟರಿನಲ್ಲಿ ನನ್ನ ಮುಂದಿದ್ದವನ ಉದ್ದ ಚೀಲಕ್ಕೆ ಟೇಪ್ ಹಿಡಿದು ಅಳೆದರು, ತೂಗಿದರು, ಒಳಗೆ ಹೋಗಿ ಕೇಳಿ ಬಂದರು. ಅವನು ಹಣೆ ಒರೆಸಿಕೊಳ್ಳುತ್ತಿದ್ದ. ನನ್ನದು ಅರ್ಧ ನಿಮಿಷದಲ್ಲಿ ಮುಗಿಯಿತು.

ಇನ್ನು ಕುಂಬಳೆ–ಮುಂಬೈ. ನೇತ್ರಾವತಿ ರೈಲಿನ ಆಸೆ ಇತ್ತು, ಕಾಸರಗೋಡಿನಲ್ಲಿ ಹತ್ತಿದರೆ ಸೀದಾ ಮುಂಬೈ. ಆದರೆ ಕೊಂಕಣ ರೈಲಿಗೆ ಜೂನ್ ನಡುವಿನಿಂದ ಮಳೆಗಾಲದ ವೇಳಾಪಟ್ಟಿ, ವೇಗ ಕಮ್ಮಿ, ಎಲ್ಲಾದರೂ ಗುಡ್ಡ ಜರಿದರೆ ಮುಗಿಯಿತು. ಕಣ್ಣೂರು ವಿಮಾನ ನಿಲ್ದಾಣ ಕುಂಬಳೆಯಿಂದ ಬಜ್ಪೆಗಿಂತ ದುಪ್ಪಟ್ಟು ದೂರ. ಕೊನೆಗೆ ಬಜ್ಪೆಯಿಂದಲೇ ಹೋದೆ, ಆದರೆ ಒಂದು ದಿನ ಮೊದಲು, ಬೆಳಗ್ಗಿನ ವಿಮಾನಕ್ಕೆ. ಅದು ರದ್ದಾದರೂ ಸಂಜೆಯದ್ದು ಉಂಟು, ಅದೂ ರದ್ದಾದರೆ ಮರುದಿನ ಬೆಳಗ್ಗಿನದ್ದು ಉಂಟು. ರಾತ್ರಿಗೆ ಮಾಟುಂಗದ ಚಿಕ್ಕಮ್ಮನ ಮನೆ. ಅರ್ಧ ಹಪ್ಪಳ ಅಲ್ಲೇ ಖಾಲಿ.

ವಾಪಸ್ ಬರುವಾಗಲೂ ಎಟಿಆರ್ ಇಳಿದ ದಿನವೇ ಮುಂಬೈ ವಿಮಾನ ಹತ್ತುವ ಆಟ ಆಡಲಿಲ್ಲ, ಮಾಹೆಬೂರ್‌ನಲ್ಲೇ ಇನ್ನೊಂದು ರಾತ್ರಿ. ಒಟ್ಟು ಹನ್ನೆರಡು ದಿನದ ರಜೆಯಲ್ಲಿ ನೀರಿನ ಮೇಲೆ ಸಿಕ್ಕಿದ್ದು ಏಳು ದಿನ. ಇದು ನಷ್ಟ ಅಂತ ನನ್ನ ಗೆಳೆಯ ಹೇಳುತ್ತಾನೆ. ಅವನು ಹೋಗುವುದು ಗೋವಾಕ್ಕೆ, ಬೈಕಿನಲ್ಲಿ.

ಮೊದಲ ದಿನ ಮೂರೂಕ್‌ನಲ್ಲಿ ಹಾಯಿ ಎತ್ತಿ ಹಾರ್ನೆಸ್ ಸಿಕ್ಕಿಸಿದ್ದೇ ತಡ, ಹಲಗೆ ನೀರು ಬಿಟ್ಟು ಎದ್ದು ಓಡಿತು. ಸಂಜೆ ಅಪ್ಪನಿಗೆ ಫೋನ್ ಮಾಡಿದೆ. "ಅಲ್ಲಿ ಮಳೆ ಉಂಟಾ?" ಕೇಳಿದರು. ಇಲ್ಲ ಎಂದೆ. ಕುಂಬಳೆಯಲ್ಲಿ ಬೆಳಗ್ಗಿನಿಂದ ಕರೆಂಟಿಲ್ಲವಂತೆ.