ಕಾರಿನ ನಿಜವಾದ ಮೈಲೇಜ್ ಲೆಕ್ಕ ಹಾಕುವ ಬಗೆ

ಮೈಲೇಜ್ ಅಂದರೆ ಒಂದು ಭಾಗಾಕಾರ: ಓಡಿದ ಕಿಲೋಮೀಟರನ್ನು ಅದಕ್ಕೆ ಖರ್ಚಾದ ಲೀಟರಿನಿಂದ ಭಾಗಿಸುವುದು. ಕಿಲೋಮೀಟರನ್ನು ಓಡೋಮೀಟರ್ ಸಾಕಷ್ಟು ಸರಿಯಾಗಿಯೇ ಹೇಳುತ್ತದೆ. ಎಡವಟ್ಟಾಗುವುದು ಲೀಟರಿನಲ್ಲಿ. ಬಂಕಿನ ಮೀಟರ್ ತೋರಿಸುವುದು ಟ್ಯಾಂಕಿಗೆ ಹೋದ ಇಂಧನವನ್ನು, ನಮಗೆ ಬೇಕಿರುವುದು ಎಂಜಿನ್ ಸುಟ್ಟ ಇಂಧನ. ಇವೆರಡೂ ಒಂದೇ ಆಗಬೇಕಾದರೆ ಲೆಕ್ಕ ಶುರುವಾದಾಗ ಟ್ಯಾಂಕಿನ ಮಟ್ಟ ಎಲ್ಲಿತ್ತೋ, ಮುಗಿದಾಗಲೂ ಅಲ್ಲೇ ಇರಬೇಕು. ಆ ಮಟ್ಟವನ್ನು ಮತ್ತೆ ಮತ್ತೆ ಹಿಡಿಯಲು ಸಾಧ್ಯವಾಗುವುದು ಟ್ಯಾಂಕ್ ಪೂರ್ತಿ ತುಂಬಿದಾಗ ಮಾತ್ರ. ಗೇಜಿನ ಮುಳ್ಳು ನೋಡಿಯೋ, ರಿಸರ್ವ್ ದೀಪ ಒಮ್ಮೆ ಹೊತ್ತಿದಾಗಿನಿಂದ ಮತ್ತೆ ಹೊತ್ತುವವರೆಗೋ ಲೆಕ್ಕ ಹಾಕಬೇಡಿ. ಟ್ಯಾಂಕಿನೊಳಗಿನ ತೇಲುಬುರುಡೆ ರಸ್ತೆಯ ಇಳಿಜಾರಿಗೆ ತಕ್ಕಂತೆ ಏರಿಳಿಯುತ್ತದೆ, ದೀಪವೂ ಅದರ ಮಾತನ್ನೇ ಕೇಳುತ್ತದೆ.

ಮೊದಲ ಸಲ ಹೀಗೆ ಮಾಡಿ. ನೆಲ ಮಟ್ಟಸವಾಗಿರುವ ಬಂಕಿನಲ್ಲಿ ಎಂಜಿನ್ ಆರಿಸಿ, ಫುಲ್ ಟ್ಯಾಂಕ್ ಹಾಕಿಸಿ. ನಾಝಲ್ ತಾನಾಗಿ ಮೊದಲ ಸಲ ಕಟ್ ಆದಲ್ಲಿಗೆ ನಿಲ್ಲಿಸಿ. ದುಡ್ಡು ರೌಂಡ್ ಆಗಲಿ ಎಂದು ಇನ್ನಷ್ಟು ಹಾಕಿಸುವುದು ಬೇಡ. ಆ ಹೆಚ್ಚುವರಿ ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲವಾದ್ದರಿಂದ ಲೆಕ್ಕ ಕೆಡುತ್ತದೆ. ಪೆಟ್ರೋಲ್ ಕಾರಿನಲ್ಲಿ ಅದು ಆವಿಯನ್ನು ಹೀರುವ ಇದ್ದಿಲಿನ ಡಬ್ಬಿಗೆ ನುಗ್ಗಿ ಅದನ್ನೇ ಹಾಳುಮಾಡಬಹುದು. ಈಗ ಟ್ರಿಪ್ ಮೀಟರ್ ಸೊನ್ನೆ ಮಾಡಿ. ಜೊತೆಗೆ ಓಡೋಮೀಟರ್ ರೀಡಿಂಗನ್ನೂ ಬರೆದಿಡಿ, ಟ್ರಿಪ್ ಮೀಟರನ್ನು ಯಾರಾದರೂ ಗೊತ್ತಿಲ್ಲದೆ ಒತ್ತಿಬಿಡುವುದು ಅಪರೂಪವೇನಲ್ಲ.

ಆಮೇಲೆ ಎಂದಿನಂತೆ ಓಡಿಸಿ. ಪರೀಕ್ಷೆ ನಡೆಯುತ್ತಿದೆ ಎಂದು ಮೆಲ್ಲಗೆ ಓಡಿಸಿದರೆ ಸಿಗುವ ಅಂಕಿ ನಿಮ್ಮದಲ್ಲ. ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಅದೇ ಬಂಕಿನ ಅದೇ ಪಂಪಿಗೆ, ಗಾಡಿಯ ಮುಖ ಅದೇ ದಿಕ್ಕಿಗೆ ಇರುವಂತೆ ನಿಲ್ಲಿಸಿ, ಮತ್ತೆ ಮೊದಲ ಕಟ್‌ವರೆಗೆ ಹಾಕಿಸಿ. ನಾಝಲಿನ ತುದಿಯಲ್ಲಿರುವ ಸಣ್ಣ ತೂತು ಇಂಧನದಲ್ಲಿ ಮುಳುಗಿದಾಗ ಕಟ್ ಆಗುತ್ತದೆ. ರಭಸವಾಗಿ ಬಿಟ್ಟರೆ ನೊರೆ ಎದ್ದು ಬೇಗನೇ ಕಟ್ ಆಗುತ್ತದೆ, ನಾಝಲ್ ಎಷ್ಟು ಒಳಗೆ ತೂರಿಸಿದ್ದಾರೆ ಎಂಬುದರಿಂದಲೂ ವ್ಯತ್ಯಾಸ ಬರುತ್ತದೆ. ಪಂಪ್ ಬದಲಿಸಬೇಡಿ ಎನ್ನುವುದು ಇದಕ್ಕೇ. ನಡುವೆ ಎಲ್ಲೋ ಅರ್ಧಂಬರ್ಧ ಹಾಕಿಸಬೇಕಾಗಿ ಬಂದರೆ ಚಿಂತೆಯಿಲ್ಲ, ಆ ಬಿಲ್ಲಿನ ಲೀಟರನ್ನೂ ಕೂಡಿಸಿಕೊಂಡರಾಯಿತು. ಕೊನೆಯದು ಮಾತ್ರ ಫುಲ್ ಆಗಿರಲೇಬೇಕು.

ಟ್ರಿಪ್ 512.4 ಕಿ.ಮೀ., ಹಿಡಿದದ್ದು 31.62 ಲೀಟರ್ ಎಂದುಕೊಳ್ಳೋಣ. ಭಾಗಿಸಿದರೆ ಲೀಟರಿಗೆ 16.2 ಕಿ.ಮೀ. ಇದನ್ನು ಇನ್ನೂ ನಂಬಬೇಡಿ. ಕಟ್ ಆಗುವ ಜಾಗ ಒಂದು ಲೀಟರಿನಷ್ಟು ಆಚೀಚೆಯಾದರೆ ಉತ್ತರ 15.7ರಿಂದ 16.7ರವರೆಗೆ ಓಲಾಡುತ್ತದೆ. ಬರೀ 10 ಲೀಟರ್ ಹಿಡಿದಾಗಲೇ ಲೆಕ್ಕ ಹಾಕಿದರೆ ಅದೇ ಕಾರು 14.7 ಕೊಡುತ್ತಿದೆ ಎಂದೂ ಅನ್ನಿಸಬಹುದು, 18 ಎಂದೂ ಅನ್ನಿಸಬಹುದು. ಎರಡು ತುಂಬಿಕೆಗಳ ನಡುವೆ ದಿಢೀರನೆ ಮೈಲೇಜ್ ಏರಿತು, ಇಳಿಯಿತು ಎಂಬ ಗಾಬರಿಯ ಬಹುಪಾಲು ಹುಟ್ಟುವುದು ಇಲ್ಲೇ.

ಇದಕ್ಕೆ ಮದ್ದು ಸರಪಳಿ ಲೆಕ್ಕ. ಐದು ಟ್ಯಾಂಕುಗಳ ಕಿಲೋಮೀಟರನ್ನೆಲ್ಲ ಕೂಡಿಸಿ, ಲೀಟರನ್ನೆಲ್ಲ ಕೂಡಿಸಿ, ಒಂದೇ ಸಲ ಭಾಗಿಸಿ. ನಡುವಿನ ತುಂಬಿಕೆಯಲ್ಲಿ ಒಂದು ಲೀಟರ್ ಕಡಿಮೆ ಹಿಡಿದಿದ್ದರೆ ಮುಂದಿನದರಲ್ಲಿ ಅದು ಸೇರಿಕೊಂಡೇ ಬರುತ್ತದೆ, ತಪ್ಪು ಉಳಿಯುವುದು ಮೊದಲ ಮತ್ತು ಕೊನೆಯ ತುಂಬಿಕೆಯದು ಮಾತ್ರ. 160 ಲೀಟರಿನಲ್ಲಿ ಒಂದು ಲೀಟರ್ ಅಂದರೆ ಶೇಕಡಾ 0.6. ಹಾಗೆಂದು ಪ್ರತಿ ಟ್ಯಾಂಕಿನ ಮೈಲೇಜ್ ತೆಗೆದು ಅವುಗಳ ಸರಾಸರಿ ಮಾಡಬೇಡಿ. 400 ಕಿ.ಮೀ. ಹೈವೇಯಲ್ಲಿ 20, ಇನ್ನು 400 ಕಿ.ಮೀ. ಪೇಟೆಯಲ್ಲಿ 10 ಬಂದರೆ ಸರಾಸರಿ 15 ಅಲ್ಲ. ಖರ್ಚಾದದ್ದು 20 ಮತ್ತು 40, ಒಟ್ಟು 60 ಲೀಟರ್. 800ನ್ನು 60ರಿಂದ ಭಾಗಿಸಿದರೆ 13.3.

ಓಡೋಮೀಟರನ್ನೂ ಒಮ್ಮೆ ಪರೀಕ್ಷಿಸಿ. ಹೆಚ್ಚು ತಿರುವಿಲ್ಲದ ಹೈವೇಯಲ್ಲಿ 50 ಕಿ.ಮೀ. ಆದರೂ ಓಡಿಸಿ, ಕಿಲೋಮೀಟರ್ ಕಲ್ಲುಗಳ ಜೊತೆಗೋ ಜಿಪಿಎಸ್ ಜೊತೆಗೋ ಹೋಲಿಸಿ. ಓಡೋಮೀಟರ್ 50.0 ತೋರಿಸಿ ಜಿಪಿಎಸ್ 48.9 ಅಂದರೆ ನಿಮ್ಮ ಗುಣಕ 0.978. ಮೇಲಿನ 16.2 ಆಗ 15.8 ಆಗುತ್ತದೆ. ಟೈರ್ ಸೈಜ್ ಬದಲಿಸಿದವರಿಗಂತೂ ಇದು ಕಡ್ಡಾಯ: ದೊಡ್ಡ ಟೈರ್ ಹಾಕಿದರೆ ಓಡೋಮೀಟರ್ ಕಡಿಮೆ ಎಣಿಸುತ್ತದೆ, ಮೈಲೇಜ್ ಬಿದ್ದಂತೆ ಕಾಣುತ್ತದೆ. ಸವೆತದ್ದೂ ಪಾಲಿದೆ. 600 ಮಿ.ಮೀ. ವ್ಯಾಸದ ಟೈರಿನ ಮೇಲ್ಮೈಯ ಗೀರುಗಳ ಆಳ 8 ಮಿ.ಮೀ.ನಿಂದ 1.6ಕ್ಕೆ ಇಳಿದರೆ ವ್ಯಾಸ ಸುಮಾರು ಶೇ. 2 ಕುಗ್ಗುತ್ತದೆ, ಅಷ್ಟೇ ಪ್ರಮಾಣದಲ್ಲಿ ಮೈಲೇಜ್ ಹೆಚ್ಚಾದಂತೆ ತೋರುತ್ತದೆ.

ಡ್ಯಾಶ್‌ಬೋರ್ಡ್ ಪರದೆಯ ಸರಾಸರಿ ಅಳತೆಯಲ್ಲ, ಅಂದಾಜು. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಇಂಧನವನ್ನು ಊಹಿಸಿ ಲೆಕ್ಕ ಹಾಕುತ್ತದೆ, ಎಷ್ಟೋ ಕಾರುಗಳಲ್ಲಿ ತುಸು ಉದಾರವಾಗಿಯೇ. ಐದು ಟ್ಯಾಂಕುಗಳ ಲೆಕ್ಕ ಕೈಗೆ ಬಂದ ಮೇಲೆ ನಿಮ್ಮ ಕಾರಿನ ಪರದೆ ಎಷ್ಟು ಹೆಚ್ಚು ಹೇಳುತ್ತದೆಂದು ತಿಳಿಯುತ್ತದೆ. ಅಲ್ಲಿಂದ ಮುಂದೆ ಅದೂ ಉಪಯೋಗಕ್ಕೆ ಬರುತ್ತದೆ.

ಕಂಪನಿಯ ಅಂಕಿಗೂ ನಿಮ್ಮದಕ್ಕೂ ಅಂತರ ಬರುವುದು ಸಹಜ. ಅದು ಪ್ರಯೋಗಾಲಯದ ರೋಲರ್ ಮೇಲೆ ಎಸಿ ಆರಿಸಿ ನಡೆಸಿದ ಪರೀಕ್ಷೆ. ಯುರೋಪಿನಲ್ಲಿ ಈಗ ಬಳಸುವ ಡಬ್ಲ್ಯುಎಲ್‌ಟಿಪಿ ಎಂಬ ಪರೀಕ್ಷೆ 1800 ಸೆಕೆಂಡ್, ಸುಮಾರು 23 ಕಿ.ಮೀ.; ಅದಕ್ಕಿಂತ ಹಳೆಯ ಎನ್‌ಇಡಿಸಿ 1180 ಸೆಕೆಂಡ್, ಸುಮಾರು 11 ಕಿ.ಮೀ., ಇನ್ನೂ ಸುಲಭದ್ದು. ಎರಡು ಕಾರುಗಳನ್ನು ಹೋಲಿಸುವಾಗ ಎರಡರದ್ದೂ ಒಂದೇ ಪರೀಕ್ಷೆಯ ಅಂಕಿಯೇ ಎಂದು ನೋಡಿಕೊಳ್ಳಿ.

ಪುಸ್ತಕದಲ್ಲಿ ದಿನಾಂಕ, ಓಡೋಮೀಟರ್, ಲೀಟರ್, ಫುಲ್ ಹೌದೋ ಅಲ್ಲವೋ ಎಂಬ ನಾಲ್ಕು ಕಾಲಂ ಸಾಕು. ಐದನೆಯದಾಗಿ ಒಂದು ಸಾಲಿನ ಟಿಪ್ಪಣಿಗೆ ಜಾಗವಿರಲಿ. ಟ್ರಾಫಿಕ್ ಇತ್ತೇ, ಎಸಿ ಇತ್ತೇ, ಐದು ಕಿಲೋಮೀಟರಿಗಿಂತ ಚಿಕ್ಕ ಓಡಾಟ ಜಾಸ್ತಿಯೇ, ಇಂಧನ ಯಾವುದು, ಎಲ್ಲ ಅಲ್ಲಿ ಬರಲಿ. ನಿಂತಲ್ಲೇ ಉರಿಯುವ ಎಂಜಿನ್ ಗಂಟೆಗೆ ಮುಕ್ಕಾಲು ಲೀಟರಿನಷ್ಟು ಕುಡಿಯಬಹುದು. ಒಂದು ಟ್ಯಾಂಕಿನಲ್ಲಿ ನಾಲ್ಕು ಗಂಟೆ ಸಿಗ್ನಲ್‌ಗಳಲ್ಲಿ ಕಳೆದರೆ 3 ಲೀಟರ್ ಹೋಯಿತು, 17.9 ಬರಬೇಕಿದ್ದದ್ದು 16.2ಕ್ಕೆ ಇಳಿಯಿತು. ಎಥೆನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ, ಆದ್ದರಿಂದ ಶೇ. 20 ಬೆರೆತ ಪೆಟ್ರೋಲಿನಲ್ಲಿ ಶಕ್ತಿ ಶೇ. 6–7 ಕಡಿಮೆ. ಡೀಸೆಲ್ ಕಾರು ತನ್ನ ಮಸಿ ಫಿಲ್ಟರನ್ನು ಸುಟ್ಟು ಶುಚಿಮಾಡಿಕೊಳ್ಳುವಾಗಲೂ ಹೆಚ್ಚು ಕುಡಿಯುತ್ತದೆ.

ಇನ್ನೊಂದು ರೂಪದಲ್ಲಿಯೂ ಬರೆದಿಡಿ: 100ನ್ನು ಮೈಲೇಜಿನಿಂದ ಭಾಗಿಸಿದರೆ 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ಸಿಗುತ್ತದೆ. 16.2 ಅಂದರೆ 6.17 ಲೀಟರ್. ಖರ್ಚು ಕಣ್ಣಿಗೆ ಕಾಣುವುದು ಇದರಲ್ಲೇ. 10ರಿಂದ 12ಕ್ಕೆ ಏರಿದರೆ ನೂರು ಕಿಲೋಮೀಟರಿಗೆ 1.67 ಲೀಟರ್ ಉಳಿತಾಯ. 20ರಿಂದ 22ಕ್ಕೆ ಏರಿದರೆ ಬರೀ 0.45.

ಓಡಾಟ ಬದಲಾಗದೆ ಎರಡು ಮೂರು ಟ್ಯಾಂಕುಗಳ ಒಟ್ಟು ಲೆಕ್ಕದಲ್ಲೇ ಶೇ. 10ರಷ್ಟು ಇಳಿದಿದ್ದರೆ ಕಾರಣ ಹುಡುಕಲು ಹೊರಡಬಹುದು. ಮೊದಲು ತಣ್ಣಗಿರುವ ಟೈರಿನ ಗಾಳಿ ನೋಡಿ. ಆಮೇಲೆ ಒಂದು ಸುತ್ತು ಓಡಿಸಿ, ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಹತ್ತಿರ ಕೈ ಒಡ್ಡಿ ನೋಡಿ; ಒಂದು ಮಾತ್ರ ಬಿಸಿಯಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಇಂಜೆಕ್ಷನ್ ಇರುವ ಪೆಟ್ರೋಲ್ ಕಾರಿನಲ್ಲಿ ಏರ್ ಫಿಲ್ಟರ್ ಕೊಳೆಯಾದರೆ ಪಿಕಪ್ ಬೀಳುತ್ತದೆಯೇ ಹೊರತು ಮೈಲೇಜ್ ಅಷ್ಟಾಗಿ ಬೀಳುವುದಿಲ್ಲ. ಅದಕ್ಕಿಂತ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ. ಇಪ್ಪತ್ತು ನಿಮಿಷ ಓಡಿದರೂ ಅದು ಎಂದಿನ ಜಾಗಕ್ಕೆ ಏರದಿದ್ದರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿರಬಹುದು: ಎಂಜಿನ್ ತಾನಿನ್ನೂ ತಣ್ಣಗಿದ್ದೇನೆಂದು ತಿಳಿದು ಬೇಕಾದ್ದಕ್ಕಿಂತ ಹೆಚ್ಚು ಇಂಧನ ಎಳೆಯುತ್ತಿರುತ್ತದೆ.